ಕ್ರಿಸ್ಟೆನ್ ನ್ಯೂಗಾರ್ಡ್

ಯೂರೋಪ್ ಖಂಡದ ಉತ್ತರದ ಅಂಚಿನಲ್ಲಿ, ಹಿಮಾಚ್ಛಾದಿತ ಪರ್ವತಗಳಿಗೂ ಕಡಲಿಗೂ ನಡುವೆ ಉದ್ದವಾಗಿ ಚಾಚಿಕೊಂಡಿರುವ ನಾರ್ವೆ ಜನಸಂಖ್ಯೆಯಲ್ಲಿ ಬಹು ಚಿಕ್ಕ ದೇಶ. 1960ರ ಸುಮಾರಿನಲ್ಲಿ ಅಲ್ಲಿ ವಾಸಿಸುತ್ತಿದ್ದವರು ಸುಮಾರು 36 ಲಕ್ಷ ಜನ ಮಾತ್ರ. ಮೀನುಗಾರಿಕೆಗೂ ಹಡಗುಗಳಿಗೂ ಹೆಸರಾಗಿದ್ದ ಆ ನಾಡಿನಿಂದ ಗಣಕಯಂತ್ರಗಳ ಲೋಕವನ್ನೇ ಬೇರೆ ದಾರಿಗೆ ತಿರುಗಿಸುವ ಭಾಷೆಯೊಂದು ಹೊರಡುವುದೆಂದು ಆಗ ಯಾರೂ ಎಣಿಸಿರಲಿಲ್ಲ. ಅಂಥ ಕೆಲಸಕ್ಕೆ ಅಪಾರ ಧನಬಲವೂ ಜನಬಲವೂ ಬೇಕು, ಅದು ಅಮೆರಿಕದಂಥ ದೊಡ್ಡ ರಾಷ್ಟ್ರಗಳಿಗೆ ಮಾತ್ರ ಸಾಧ್ಯ ಎಂಬುದು ಪಂಡಿತರ ಎಣಿಕೆಯಾಗಿತ್ತು. ಆ ಎಣಿಕೆಯನ್ನು ಸುಳ್ಳಾಗಿಸಿದವರು ಇಬ್ಬರು: ಕ್ರಿಸ್ಟೆನ್ ನ್ಯೂಗಾರ್ಡ್ ಮತ್ತು ಓಲೆ-ಯೋಹಾನ್ ದಾಲ್. ಅವರು ರಚಿಸಿದ ಭಾಷೆಯ ಹೆಸರು ಸಿಮುಲಾ. ನ್ಯೂಗಾರ್ಡರು ಭಾಷೆಯನ್ನು ರಚಿಸಿದ ಮೇಲೆ ಸುಮ್ಮನಾಗಲಿಲ್ಲ. ಅದು ಯಾರ ಕೈಗೆ ಹೋಗುತ್ತದೆ, ಯಾರ ಬಾಳನ್ನು ಅಳೆಯುತ್ತದೆ ಎಂಬ ಪ್ರಶ್ನೆಯನ್ನೂ ಜೀವಮಾನವಿಡೀ ಬೆನ್ನಟ್ಟಿದರು.

ಕ್ರಿಸ್ಟೆನ್ ನ್ಯೂಗಾರ್ಡ್ 1926ರ ಆಗಸ್ಟ್ 27ರಂದು ನಾರ್ವೆಯ ರಾಜಧಾನಿ ಓಸ್ಲೋದಲ್ಲಿ ಜನಿಸಿದರು. ಅವರಿಗೆ ಹದಿಮೂರು ವರ್ಷ ವಯಸ್ಸಾಗಿದ್ದಾಗ, 1940ರ ಏಪ್ರಿಲ್ ತಿಂಗಳಲ್ಲಿ, ಜರ್ಮನ್ ಸೈನ್ಯವು ನಾರ್ವೆಯನ್ನು ಆಕ್ರಮಿಸಿತು. ಐದು ವರ್ಷಗಳ ಕಾಲ ಆ ದೇಶ ಪರರ ಆಳ್ವಿಕೆಯಲ್ಲಿತ್ತು. ಬಾಲ್ಯವು ಯೌವನಕ್ಕೆ ತಿರುಗುವ ಹೊತ್ತನ್ನು ಅವರ ಪೀಳಿಗೆಯ ಹುಡುಗರು ಆಕ್ರಮಿತ ನಾಡಿನಲ್ಲಿ ಕಳೆದರು. ಸಣ್ಣ ದೇಶವೊಂದರ ಸ್ವಾತಂತ್ರ್ಯ ಎಷ್ಟು ಬೆಲೆಯುಳ್ಳದ್ದು ಎಂಬುದನ್ನು ಆ ಪೀಳಿಗೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಯುದ್ಧ ಮುಗಿದ ಬಳಿಕ ನ್ಯೂಗಾರ್ಡ್ ಓಸ್ಲೋ ವಿಶ್ವವಿದ್ಯಾನಿಲಯದಲ್ಲಿ ಗಣಿತವನ್ನು ಅಭ್ಯಾಸ ಮಾಡಿದರು. ನಾರ್ವೆಯ ತರುಣರು ಕೆಲಕಾಲ ಕಡ್ಡಾಯವಾಗಿ ಸೈನ್ಯದ ಸೇವೆ ಸಲ್ಲಿಸಬೇಕಾಗಿತ್ತು. ಆ ನಿಯಮದಂತೆ ಅವರು 1948ರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಬಂದೂಕಿನ ಬದಲು ಅವರ ಕೈಗೆ ಬಂದದ್ದು ಲೆಕ್ಕದ ಹಾಳೆಗಳು. ಆ ವೇಳೆಗೆ ನಾರ್ವೆ ತನ್ನ ಮೊದಲ ಪರಮಾಣು ಕ್ರಿಯಾಕಾರಿಯನ್ನು ಓಸ್ಲೋದ ಬಳಿಯ ಶೆಲ್ಲರ್ ಎಂಬಲ್ಲಿ ಕಟ್ಟುವ ಸಾಹಸಕ್ಕೆ ಇಳಿದಿತ್ತು. ಅದರೊಳಗೆ ಇಡಬೇಕಾದ ಯುರೇನಿಯಂ ಸರಳುಗಳು ಎಷ್ಟು ದಪ್ಪವಿರಬೇಕೆಂದು ನಿರ್ಧರಿಸಲು ಜಟಿಲವಾದ ಗಣಿತ ಬೇಕಾಗಿತ್ತು. ರೂಢಿಯ ಸಮೀಕರಣಗಳ ದಾರಿ ಬಹಳ ದೀರ್ಘವೂ ದುರ್ಗಮವೂ ಆಗಿತ್ತು. ನ್ಯೂಗಾರ್ಡ್ ಬೇರೊಂದು ದಾರಿ ಹಿಡಿದರು. ದಾಳ ಉರುಳಿಸಿದಂತೆ ಯಾದೃಚ್ಛಿಕ ಸಂಖ್ಯೆಗಳನ್ನು ಆರಿಸಿಕೊಂಡು, ಒಂದೊಂದು ಕಣವೂ ಮುಂದೆ ಎತ್ತ ಸಾಗೀತು, ಎಲ್ಲಿ ಹೀರಲ್ಪಟ್ಟೀತು ಎಂಬುದನ್ನು ಹೆಜ್ಜೆಹೆಜ್ಜೆಯಾಗಿ ಕಾಗದದ ಮೇಲೆ ನಡೆಸಿ ನೋಡುವುದು. ಹಾಗೆ ಅನೇಕ ಸಲ ನಡೆಸಿ, ಬಂದ ಫಲಗಳ ಸರಾಸರಿಯನ್ನು ತೆಗೆಯುವುದು. ಮಾಂಟೆ ಕಾರ್ಲೋ ವಿಧಾನವೆಂದು ಇದಕ್ಕೆ ಹೆಸರು. ಗಣಕಯಂತ್ರ ಇನ್ನೂ ಅವರ ಕೈಗೆ ಬಾರದಿದ್ದ ಆ ದಿನಗಳಲ್ಲಿ ಈ ಲೆಕ್ಕವೆಲ್ಲವೂ ಕೈಯಿಂದಲೇ ನಡೆಯಬೇಕಾಗಿತ್ತು. 1951ರಲ್ಲಿ ಶೆಲ್ಲರ್‌ನ ಕ್ರಿಯಾಕಾರಿ ಕೆಲಸ ಆರಂಭಿಸಿತು.

ಈ ಅನುಭವ ತರುಣ ಗಣಿತಜ್ಞನ ಮನಸ್ಸಿನಲ್ಲಿ ಆಳವಾಗಿ ನೆಲೆಯೂರಿತು. ಲೋಕದ ವ್ಯವಹಾರವನ್ನು ಸೂತ್ರದಲ್ಲಿ ಹಿಡಿಯಲು ಆಗದಿದ್ದರೆ, ಅದನ್ನು ಚಿಕ್ಕ ಪ್ರಮಾಣದಲ್ಲಿ ಮತ್ತೆ ನಡೆಸಿ ನೋಡಬಹುದು ಎಂಬ ತಿಳಿವಳಿಕೆ ಅದು. ಇದನ್ನೇ ಅನುಕರಣ ವಿಧಾನ ಎನ್ನುತ್ತಾರೆ. ಮುಂದೆ 1956ರಲ್ಲಿ ಅವರು ಸ್ನಾತಕೋತ್ತರ ಪದವಿಗಾಗಿ ಬರೆದ ಪ್ರಬಂಧವೂ ಮಾಂಟೆ ಕಾರ್ಲೋ ವಿಧಾನದ ತಾತ್ತ್ವಿಕ ನೆಲೆಗಳನ್ನು ಕುರಿತದ್ದಾಗಿತ್ತು. ಅಷ್ಟರಲ್ಲಿ ಅವರ ಕೆಲಸದ ವ್ಯಾಪ್ತಿ ಪರಮಾಣುವಿನಿಂದ ಮನುಷ್ಯರ ಕಡೆಗೆ ಸರಿದಿತ್ತು. ಸೈನ್ಯದ ಸರಬರಾಜು, ಸಂಚಾರ, ಕಾರ್ಯಕ್ರಮಗಳ ಯೋಜನೆ ಮೊದಲಾದವನ್ನು ಗಣಿತದ ಮೂಲಕ ಪರಿಶೀಲಿಸುವ ಕಾರ್ಯಾಚರಣೆ ಸಂಶೋಧನೆ ಎಂಬ ಶಾಸ್ತ್ರವನ್ನು ಅವರು ಕೈಗೊಂಡರು. 1959ರಲ್ಲಿ ಈ ಶಾಸ್ತ್ರಕ್ಕಾಗಿ ನಾರ್ವೆಯಲ್ಲಿ ಸ್ಥಾಪಿತವಾದ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷರಾದರು. ಮರುವರ್ಷ ರಕ್ಷಣಾ ಸಂಸ್ಥೆಯನ್ನು ಬಿಟ್ಟು ಓಸ್ಲೋದ ನಾರ್ವೇಜಿಯನ್ ಗಣಕ ಕೇಂದ್ರಕ್ಕೆ ಬಂದರು.

ಅವರ ಮುಂದಿದ್ದ ತೊಡಕು ಎಂಥದೆಂಬುದನ್ನು ಅರಿಯಲು ದೂರದ ನಾರ್ವೆಗೆ ಹೋಗಬೇಕಾಗಿಲ್ಲ. ಕೂಡ್ಲಿಗಿಯ ಬಸ್ ನಿಲ್ದಾಣವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಗುಡೇಕೋಟೆ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಗೆ ಹೋಗುವ ಜನ ಅಲ್ಲಿ ಬಂದು ಸೇರುತ್ತಾರೆ. ಬಸ್ಸುಗಳು ಬರುತ್ತವೆ, ಕೆಲವು ತಡವಾಗಿ ಬರುತ್ತವೆ, ಕೆಲವು ತುಂಬಿಕೊಂಡೇ ಬರುತ್ತವೆ. ಕೊಟ್ಟೂರಿನ ಗುರುಬಸವೇಶ್ವರ ಸ್ವಾಮಿಯ ರಥೋತ್ಸವದ ದಿನವಂತೂ ಜನಸಂದಣಿ ಹೇಳತೀರದು. ಆ ದಿನ ಎಷ್ಟು ಹೆಚ್ಚಿನ ಬಸ್ಸುಗಳನ್ನು ಬಿಟ್ಟರೆ ಯಾತ್ರಿಕರು ಅರ್ಧ ಗಂಟೆಗಿಂತ ಹೆಚ್ಚು ಕಾಯಬೇಕಾಗುವುದಿಲ್ಲ? ಒಂದೇ ಸೂತ್ರದಿಂದ ಉತ್ತರ ದೊರೆಯದು. ಏಕೆಂದರೆ ಅಲ್ಲಿ ಏಕಕಾಲದಲ್ಲಿ ಅನೇಕ ಸಂಗತಿಗಳು ನಡೆಯುತ್ತಿರುತ್ತವೆ. ಒಂದರ ನಡೆ ಮತ್ತೊಂದರ ಮೇಲೆ ಪರಿಣಾಮ ಮಾಡುತ್ತದೆ. ಇಡೀ ನಿಲ್ದಾಣವನ್ನು ಗಣಕಯಂತ್ರದೊಳಗೆ ಮೂಡಿಸಿ, ಹತ್ತು ಬಸ್ಸುಗಳೊಂದಿಗೆ ಒಮ್ಮೆ, ಹದಿನೈದರೊಂದಿಗೆ ಒಮ್ಮೆ ಆ ದಿನವನ್ನು ನಡೆಸಿ ನೋಡಿದರೆ ಉತ್ತರ ಸಿಗುತ್ತದೆ.

ಆದರೆ ಮೂಡಿಸುವುದು ಯಾವ ಭಾಷೆಯಲ್ಲಿ? ಗಣಕಯಂತ್ರಕ್ಕೆ ಕೊಡುವ ಆಜ್ಞೆಗಳ ಸರಣಿಗೆ ಕ್ರಮವಿಧಿ ಎಂದು ಹೆಸರು. ಅಂದಿನ ಕ್ರಮವಿಧಿ ಭಾಷೆಗಳಲ್ಲಿ ಮಾಹಿತಿ ಒಂದು ಕಡೆ, ಆ ಮಾಹಿತಿಯ ಮೇಲೆ ಮಾಡಬೇಕಾದ ಕ್ರಿಯೆಗಳು ಇನ್ನೊಂದು ಕಡೆ ಇರುತ್ತಿದ್ದವು. ಆಜ್ಞೆಗಳು ಮೊದಲಿನಿಂದ ಕೊನೆಯವರೆಗೆ ಒಂದೇ ಧಾರೆಯಾಗಿ ಸಾಗುತ್ತಿದ್ದವು. ಲೆಕ್ಕ ಮಾಡಲು ಅದು ತಕ್ಕದ್ದೇ. ಒಂದೇ ಹೊತ್ತಿನಲ್ಲಿ ನೂರು ಜನ ಓಡಾಡುವ ನಿಲ್ದಾಣವನ್ನು ಬಣ್ಣಿಸಲು ತಕ್ಕದ್ದಲ್ಲ. ಬಣ್ಣಿಸಲು ಒಂದು ಹೊಸ ಭಾಷೆಯೇ ಬೇಕೆಂದು ನ್ಯೂಗಾರ್ಡ್ 1961ರಲ್ಲಿ ನಿಶ್ಚಯಿಸಿದರು. ಅವರ ದೃಷ್ಟಿಯಲ್ಲಿ ಆ ಭಾಷೆ ಯಂತ್ರಕ್ಕೆ ಅರ್ಥವಾದರೆ ಸಾಲದು. ವ್ಯವಸ್ಥೆಯೊಂದರ ಬಗೆಗೆ ಚಿಂತಿಸುವ ಮನುಷ್ಯರು ತಮ್ಮತಮ್ಮಲ್ಲಿ ವಿಚಾರ ವಿನಿಮಯ ಮಾಡಲೂ ಅದು ನೆರವಾಗಬೇಕು. ಈ ಎರಡನೆಯ ಆಶಯ ಮುಂದಿನ ಅವರ ಬಾಳನ್ನೆಲ್ಲ ನಡೆಸಿತೆಂದರೆ ತಪ್ಪಾಗದು.

ವಿಚಾರ ಅವರದು; ಅದನ್ನು ಯಂತ್ರದ ಮೇಲೆ ನಿಜವಾಗಿಸುವ ಕೌಶಲಕ್ಕೆ ಅವರು ಓಲೆ-ಯೋಹಾನ್ ದಾಲ್ ಅವರ ನೆರವನ್ನು ಬೇಡಿದರು. ದಾಲ್ 1931ರಲ್ಲಿ ನಾರ್ವೆಯ ದಕ್ಷಿಣದ ಮಂದಾಲ್ ಎಂಬ ಊರಿನಲ್ಲಿ ಹುಟ್ಟಿದವರು. ರಕ್ಷಣಾ ಸಂಸ್ಥೆಯಲ್ಲಿ ನ್ಯೂಗಾರ್ಡರ ಸಹೋದ್ಯೋಗಿಯಾಗಿದ್ದವರು. ಇಬ್ಬರ ಸ್ವಭಾವಗಳಲ್ಲಿ ಅಜಗಜಾಂತರವಿತ್ತು. ನ್ಯೂಗಾರ್ಡ್ ಎತ್ತರದ ದನಿಯ ವಾಗ್ಮಿ; ಸಭೆಗಳಲ್ಲೂ ಸಂಧಾನಗಳಲ್ಲೂ ಉತ್ಸಾಹದಿಂದ ಮುನ್ನುಗ್ಗುವವರು. ದಾಲ್ ಮಿತಭಾಷಿ, ಸಂಗೀತಪ್ರಿಯರು, ಪಿಯಾನೋ ನುಡಿಸುವವರು. ಆದರೆ ಕರಿಹಲಗೆಯ ಮುಂದೆ ನಿಂತರೆ ಇಬ್ಬರೂ ಸಮಾನರು. 1967ರ ವಸಂತದಲ್ಲಿ ಗಣಕ ಕೇಂದ್ರಕ್ಕೆ ಹೊಸದಾಗಿ ಸೇರಿದ್ದ ಒಬ್ಬ ನೌಕರರು ಗಾಬರಿಯಿಂದ ದೂರವಾಣಿ ಸಹಾಯಕಿಯ ಬಳಿಗೆ ಓಡಿಬಂದು, ಒಳಗೆ ಇಬ್ಬರು ಕರಿಹಲಗೆಯ ಮುಂದೆ ಉಗ್ರವಾಗಿ ಜಗಳವಾಡುತ್ತಿದ್ದಾರೆ, ಏನು ಮಾಡಬೇಕೆಂದು ಕೇಳಿದರಂತೆ. ಆಕೆ ಹೊರಗೆ ಬಂದು ಕ್ಷಣಕಾಲ ಆಲಿಸಿ, ಹೆದರಬೇಕಾದುದೇನೂ ಇಲ್ಲ, ದಾಲ್ ಮತ್ತು ನ್ಯೂಗಾರ್ಡ್ ಸಿಮುಲಾ ಕುರಿತು ಚರ್ಚಿಸುತ್ತಿದ್ದಾರಷ್ಟೆ ಎಂದು ಸಮಾಧಾನ ಹೇಳಿದರಂತೆ.

ವಿರೋಧ ಒಳಗಿನಿಂದಲೂ ಬಂತು, ಹೊರಗಿನಿಂದಲೂ ಬಂತು. ಇಂಥ ಭಾಷೆಯಿಂದ ಯಾರಿಗೂ ಪ್ರಯೋಜನವಿಲ್ಲವೆಂದು ಕೆಲವರು ಹೇಳಿದರು. ಪ್ರಯೋಜನವೇನೋ ಇದೆ, ಆದರೆ ಅದನ್ನು ಈಗಾಗಲೇ ಬೇರೆಯವರು ಮಾಡಿ ಮುಗಿಸಿದ್ದಾರೆಂದು ಮತ್ತೆ ಕೆಲವರು ಹೇಳಿದರು. ಇವರ ವಿಚಾರಗಳಲ್ಲಿ ಸತ್ತ್ವವಿಲ್ಲ, ಕೆಲಸ ಎಂದೂ ಪೂರ್ಣವಾಗದು ಎಂಬ ಮಾತೂ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಇಂಥ ಕಾರ್ಯ ಸಂಪನ್ಮೂಲವಿರುವ ದೊಡ್ಡ ದೇಶಗಳದು, ನಾರ್ವೆಯಂಥ ಸಣ್ಣ ದೇಶದ್ದಲ್ಲ ಎಂಬ ಆಕ್ಷೇಪ ಕೇಳಿಬಂತು. ಈ ಆಕ್ಷೇಪಗಳು ಒಂದನ್ನೊಂದು ಅಲ್ಲಗಳೆಯುತ್ತವೆಂಬುದು ಆಕ್ಷೇಪಿಸಿದವರಿಗೆ ತೋಚಿರಲಾರದು.

ನ್ಯೂಗಾರ್ಡ್ ಎದೆಗುಂದಲಿಲ್ಲ. ಆ ದಿನಗಳಲ್ಲಿ ಗಣಕಯಂತ್ರವೆಂದರೆ ಒಂದು ದೊಡ್ಡ ಕೋಣೆಯನ್ನೇ ತುಂಬುವ, ಅಪಾರ ಬೆಲೆಯ ವಸ್ತು. ಗಣಕ ಕೇಂದ್ರವು ಡೆನ್ಮಾರ್ಕಿನಲ್ಲಿ ತಯಾರಾದ ಸಾಧಾರಣ ಯಂತ್ರವೊಂದನ್ನು ಕೊಳ್ಳುವ ಆಲೋಚನೆಯಲ್ಲಿತ್ತು. 1962ರ ಮೇ ತಿಂಗಳಲ್ಲಿ ಅಮೆರಿಕದ ಯುನಿವ್ಯಾಕ್ ಕಂಪನಿಯವರು ತಮ್ಮ ಹೊಸ ಯಂತ್ರವನ್ನು ತೋರಿಸಲು ನ್ಯೂಗಾರ್ಡರನ್ನು ಆಹ್ವಾನಿಸಿದರು. ಮಾರಲು ಕರೆದವರಿಗೇ ಅವರು ತಮ್ಮ ಭಾಷೆಯನ್ನು ಮಾರಿಬಂದರು! ಯುನಿವ್ಯಾಕ್ 1107 ಎಂಬ ಆ ಬೃಹತ್ ಯಂತ್ರವನ್ನು ಕಂಪನಿಯು ಅರ್ಧ ಬೆಲೆಗೆ ಕೊಡುವುದು. ಅದಕ್ಕೆ ಪ್ರತಿಯಾಗಿ ಗಣಕ ಕೇಂದ್ರವು ಸಿಮುಲಾ ಮುಂತಾದ ಕ್ರಮವಿಧಿಗಳನ್ನು ಸಿದ್ಧಪಡಿಸಿ ಕಂಪನಿಗೆ ಒಪ್ಪಿಸುವುದು ಎಂದು ಒಪ್ಪಂದವಾಯಿತು. ಅದೇ ವರ್ಷ ಮ್ಯೂನಿಕ್ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅವರು ಸಿಮುಲಾದ ರೂಪರೇಷೆಯನ್ನು ವಿದ್ವಾಂಸರ ಮುಂದಿಟ್ಟರು. 1963ರ ಆಗಸ್ಟ್ ತಿಂಗಳಲ್ಲಿ ಯಂತ್ರ ಓಸ್ಲೋಗೆ ಬಂತು. ದಾಲ್ ಅವರೂ ಅದೇ ವರ್ಷ ಗಣಕ ಕೇಂದ್ರದ ಉದ್ಯೋಗಿಯಾದರು.

ಸಿಮುಲಾ ತನ್ನ ತಳಹದಿಯಾಗಿ ಆಲ್ಗಾಲ್ ಎಂಬ ಭಾಷೆಯನ್ನು ಇಟ್ಟುಕೊಂಡಿತ್ತು. ಆಲ್ಗಾಲ್ ಶಿಸ್ತಿನ, ಸುಂದರವಾದ ಭಾಷೆ. ಆದರೆ ಅದರಲ್ಲಿ ಒಂದು ಕಟ್ಟುಪಾಡಿತ್ತು. ಅಡಿಗೆಮನೆಯಲ್ಲಿ ಜೋಳದ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಕೊನೆಯಲ್ಲಿ ಇಟ್ಟದ್ದನ್ನೇ ಮೊದಲು ತೆಗೆಯಬೇಕಾಗುತ್ತದೆ. ಆಲ್ಗಾಲ್ ಯಂತ್ರದ ಸ್ಮೃತಿಯನ್ನು ಹಾಗೆಯೇ ಬಳಸುತ್ತಿತ್ತು: ಕೊನೆಗೆ ಆರಂಭವಾದ ಕೆಲಸ ಮೊದಲು ಮುಗಿಯಬೇಕು. ಬಸ್ ನಿಲ್ದಾಣದ ಜನ ಹಾಗೆ ನಡೆದುಕೊಳ್ಳುವುದಿಲ್ಲವಷ್ಟೆ. ಕೊನೆಗೆ ಬಂದವನು ಮೊದಲು ಹೋಗಬಹುದು, ಮೊದಲು ಬಂದವನು ಸಂಜೆಯವರೆಗೂ ಉಳಿಯಬಹುದು. ದಾಲ್ ಈ ಕಟ್ಟುಪಾಡನ್ನು ಮುರಿದು, ಸ್ಮೃತಿಯನ್ನು ಹಂಚಿಕೊಡುವ ಹೊಸ ವಿಧಾನವನ್ನು ರೂಪಿಸಿದರು. ಮೊದಮೊದಲು ಅವರಿಬ್ಬರೂ ನಿಲ್ದಾಣಗಳೇ ಕ್ರಿಯಾಶೀಲ, ಗ್ರಾಹಕರು ಅಲ್ಲಿಂದಿಲ್ಲಿಗೆ ಸಾಗಿಸಲ್ಪಡುವ ಜಡವಸ್ತುಗಳು ಎಂದು ಭಾವಿಸಿ ಹೊರಟಿದ್ದರು. ವಿಮಾನ ನಿಲ್ದಾಣದಂಥ ಉದಾಹರಣೆಗಳನ್ನು ಬಿಡಿಸುತ್ತಾ ಹೋದಂತೆ, ಪ್ರಯಾಣಿಕನೂ ತಾನಾಗಿ ನಡೆಯುವವನೇ, ಅವನಿಗೂ ತನ್ನದೇ ಆದ ಕಾರ್ಯಕ್ರಮವಿದೆ ಎಂಬುದು ಹೊಳೆಯಿತು. 1964ರ ಆರಂಭದಲ್ಲಿ ಈ ಎರಡು ಬಗೆಗಳನ್ನೂ ಒಂದೇ ಕಲ್ಪನೆಯಲ್ಲಿ ಸೇರಿಸಿದರು. 1965ರ ಜನವರಿಯ ಹೊತ್ತಿಗೆ ಸಿಮುಲಾದ ಮೊದಲ ರೂಪ ಯಂತ್ರದ ಮೇಲೆ ಕೆಲಸ ಮಾಡತೊಡಗಿತು.

ಭಾಷೆ ಬಳಕೆಗೆ ಬಂದ ಮೇಲೆ ಅದರ ಕರ್ತೃಗಳಿಗೇ ಅಚ್ಚರಿಯಾಗುವಂತೆ ಅದರ ಶಕ್ತಿ ಅನುಕರಣಕ್ಕೆ ಮಾತ್ರ ಸೀಮಿತವಾಗಿಲ್ಲವೆಂದು ಕಂಡುಬಂತು. ಆದರೆ ಒಂದು ಕೊರತೆ ಅವರನ್ನು ಬಾಧಿಸುತ್ತಿತ್ತು. ಸೇತುವೆಯೊಂದರ ಮೇಲೆ ಸುಂಕದ ಕಟ್ಟೆಯಿದೆ. ಅದರ ಮುಂದೆ ವಾಹನಗಳ ಸಾಲು ನಿಂತಿದೆ ಎಂದು ಭಾವಿಸಬೇಕು. ಸಾಲಿನಲ್ಲಿ ಲಾರಿಗಳೂ ಇವೆ, ಬಸ್ಸುಗಳೂ ಇವೆ. ಲಾರಿಗೆ ಸರಕಿನ ತೂಕವಿದೆ, ಬಸ್ಸಿಗೆ ಪ್ರಯಾಣಿಕರ ಸಂಖ್ಯೆಯಿದೆ. ಆದರೆ ಸಾಲಿನಲ್ಲಿ ನಿಲ್ಲುವ, ಮುಂದೆ ಸರಿಯುವ, ಸುಂಕ ತೆರುವ ರೀತಿ ಎರಡಕ್ಕೂ ಒಂದೇ. ಹಾಗಿದ್ದ ಮೇಲೆ ಅದನ್ನು ಎರಡೆರಡು ಸಲ ಏಕೆ ಬರೆಯಬೇಕು? ಇಂಗ್ಲೆಂಡಿನ ಟೋನಿ ಹೋರ್ ಎಂಬ ವಿದ್ವಾಂಸರು ದಾಖಲೆಗಳನ್ನು ವರ್ಗಗಳಾಗಿ ವಿಂಗಡಿಸುವ ಕ್ರಮವನ್ನು ಆಗತಾನೇ ಸೂಚಿಸಿದ್ದರು. ಅದನ್ನು ಮನನ ಮಾಡುತ್ತಿದ್ದಾಗ, 1966ರ ಡಿಸೆಂಬರಿನ ಸುಮಾರಿಗೆ, ನ್ಯೂಗಾರ್ಡ್ ಮತ್ತು ದಾಲ್ ಅವರಿಗೆ ಪರಿಹಾರ ಹೊಳೆಯಿತು. ವಾಹನ ಎಂಬ ಒಂದು ಸಾಮಾನ್ಯ ವರ್ಗವನ್ನು ಮೊದಲು ವಿವರಿಸುವುದು. ಲಾರಿ, ಬಸ್ಸು ಎಂಬ ಉಪವರ್ಗಗಳು ತಾಯಿವರ್ಗದ ಗುಣಗಳನ್ನೆಲ್ಲ ಬಳುವಳಿಯಾಗಿ ಪಡೆದು, ತಮ್ಮ ವಿಶೇಷಗಳನ್ನು ಮಾತ್ರ ಅದಕ್ಕೆ ಸೇರಿಸಿಕೊಳ್ಳುವುದು. ವರ್ಗವೆಂಬುದು ಅಚ್ಚು, ಆ ಅಚ್ಚಿನಿಂದ ಎಷ್ಟು ಬೇಕಾದರೂ ವಸ್ತುಗಳನ್ನು ಎರಕ ಹೊಯ್ಯಬಹುದು. ಪ್ರತಿಯೊಂದು ವಸ್ತುವೂ ತನ್ನ ಮಾಹಿತಿಯನ್ನೂ ತಾನು ಮಾಡಬಲ್ಲ ಕ್ರಿಯೆಗಳನ್ನೂ ತನ್ನೊಳಗೇ ಇರಿಸಿಕೊಂಡಿರುತ್ತದೆ.

ಇದು ಕೇಳಲು ಸರಳವಾಗಿದೆ. ಆದರೆ ಇಂದಿನ ಕ್ರಮವಿಧಿ ರಚನೆಯ ಬಹುಭಾಗ ನಿಂತಿರುವುದು ಈ ಸರಳವಾದ ಮಾತಿನ ಮೇಲೆಯೇ. 1967ರ ಮೇ ತಿಂಗಳಲ್ಲಿ ಓಸ್ಲೋ ಸಮೀಪದ ಲೀಸೆಬು ಎಂಬಲ್ಲಿ ನಡೆದ ವಿದ್ವದ್ಗೋಷ್ಠಿಯಲ್ಲಿ ಅವರು ವರ್ಗ ಮತ್ತು ಉಪವರ್ಗಗಳ ಕಲ್ಪನೆಯನ್ನು ಮಂಡಿಸಿದರು. ಹೀಗೆ ಹೊರಬಂದ ಭಾಷೆಗೆ ಸಿಮುಲಾ 67 ಎಂಬ ಹೆಸರಾಯಿತು. ವಸ್ತು ಆಧಾರಿತ ಭಾಷೆಗಳಲ್ಲಿ ಅದೇ ಮೊದಲನೆಯದು.

ಸಿಮುಲಾ ಹಣವನ್ನೇನೂ ರಾಶಿ ಹಾಕಲಿಲ್ಲ. ಗಣಕ ಕೇಂದ್ರ ಅದಕ್ಕೆ ಬೆಲೆ ಕಟ್ಟಿ ಮಾರುತ್ತಿತ್ತು. ಬೆಲೆ ಹೆಚ್ಚಾದ್ದರಿಂದ ಕೊಳ್ಳುವವರು ಹೆಚ್ಚಲಿಲ್ಲ. ಆದರೆ ಬೀಜಗಳು ಗಾಳಿಯಲ್ಲಿ ಹಾರಿಹೋಗುವಂತೆ ಅದರ ವಿಚಾರ ಹಾರಿಹೋಯಿತು. 1966ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯವನ್ನು ಸೇರಿದ ಆಲನ್ ಕೇ ಎಂಬ ವಿದ್ಯಾರ್ಥಿಗೆ ಆಲ್ಗಾಲ್ ಎಂದು ಹೇಳಲಾದ ಒಂದು ಕ್ರಮವಿಧಿಯನ್ನು ಯಂತ್ರದ ಮೇಲೆ ನಡೆಸುವ ಕೆಲಸವನ್ನು ಒಪ್ಪಿಸಿದರು. ಅದು ಆಲ್ಗಾಲ್ ಆಗಿರದೆ ಸಿಮುಲಾ ಆಗಿತ್ತು. ಅದರ ವಿವರಣೆಯ ಇಂಗ್ಲಿಷ್ ತೊಡಕಾಗಿದ್ದುದರಿಂದ ಅರ್ಥವಾಗದೆ, ಅಚ್ಚಾದ ಕಾಗದದ ಸುರುಳಿಯನ್ನು ಮೊಗಸಾಲೆಯ ಉದ್ದಕ್ಕೂ ಬಿಚ್ಚಿ ಹಾಸಿ, ನೆಲದ ಮೇಲೆ ತೆವಳುತ್ತಾ ಓದಿ, ಅವರು ಅದರ ರಹಸ್ಯವನ್ನು ಗ್ರಹಿಸಿದರು. ಜೀವಶಾಸ್ತ್ರವನ್ನು ಓದಿದ್ದ ಕೇ ಅವರಿಗೆ ಆ ವಸ್ತುಗಳು ದೇಹದ ಜೀವಕೋಶಗಳಂತೆ ತೋರಿದವು. ಮುಂದೆ ಅವರು ತಮ್ಮ ಸಂಗಡಿಗರೊಂದಿಗೆ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ 1970ರ ದಶಕದಲ್ಲಿ ಸ್ಮಾಲ್‌ಟಾಕ್ ಎಂಬ ಭಾಷೆಯನ್ನು ಬೆಳೆಸಿದರು. ಪರದೆಯ ಮೇಲೆ ಕಿಟಕಿಗಳನ್ನು ತೆರೆದು, ಚಿತ್ರಗಳನ್ನು ಮುಟ್ಟಿ ಕೆಲಸ ಮಾಡುವ ಪದ್ಧತಿ ಅಲ್ಲಿಯೇ ಪಕ್ವವಾಯಿತು.

ಇನ್ನೊಂದು ಬೀಜ ಡೆನ್ಮಾರ್ಕಿನಲ್ಲಿ ಬಿತ್ತು. ಅಲ್ಲಿನ ಆರ್ಹುಸ್ ವಿಶ್ವವಿದ್ಯಾನಿಲಯಕ್ಕೆ ನ್ಯೂಗಾರ್ಡ್ ಆಗಾಗ್ಗೆ ಹೋಗುತ್ತಿದ್ದರು. 1975-76ರಲ್ಲಿ ಪ್ರಾಧ್ಯಾಪಕರಾಗಿಯೂ ಇದ್ದರು. ಅಲ್ಲಿ ಓದುತ್ತಿದ್ದ ಬ್ಯಾರ್ನೆ ಸ್ಟ್ರೌಸ್ಟ್ರಪ್ ಅವರಿಂದ ಈ ವಿಚಾರಗಳನ್ನು ಕಲಿತರು. ಕೇಂಬ್ರಿಡ್ಜಿನಲ್ಲಿ ಸಂಶೋಧನೆ ಮಾಡುವಾಗ ಸಿಮುಲಾವನ್ನು ಬಳಸಿ, ಅದರ ಸೊಗಸಿಗೆ ಮನಸೋತು, ಅದರ ನಿಧಾನಗತಿಗೆ ಬೇಸತ್ತರು. 1979ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿ ಎಂಬ ವೇಗದ ಭಾಷೆಗೆ ಸಿಮುಲಾದ ವರ್ಗಗಳನ್ನು ಕಸಿಕಟ್ಟಿದರು. ಅದಕ್ಕೆ 1983ರಲ್ಲಿ ಸಿ ಪ್ಲಸ್ ಪ್ಲಸ್ ಎಂಬ ಹೆಸರಾಯಿತು. 1995ರಲ್ಲಿ ಬಂದ ಜಾವಾ ಭಾಷೆಯೂ ಅದೇ ಮನೆತನದ್ದು. ಕರ್ನಾಟಕದ ಪದವಿಪೂರ್ವ ತರಗತಿಗಳಲ್ಲಿ ಗಣಕ ವಿಜ್ಞಾನವನ್ನು ಆರಿಸಿಕೊಂಡ ವಿದ್ಯಾರ್ಥಿಗಳು ಅನೇಕ ವರ್ಷಗಳ ಕಾಲ ಸಿ ಪ್ಲಸ್ ಪ್ಲಸ್ ಕಲಿತರು. ಬೆಂಗಳೂರಿನ ಕಂಪನಿಗಳಲ್ಲಿ ಕುಳಿತು ಜಾವಾದಲ್ಲಿ ವರ್ಗಗಳನ್ನೂ ವಸ್ತುಗಳನ್ನೂ ರಚಿಸುವ ನಮ್ಮ ನಾಡಿನ ತರುಣ ತರುಣಿಯರು ಬಳಸುತ್ತಿರುವುದು ಓಸ್ಲೋದ ಆ ಕರಿಹಲಗೆಯ ಮೇಲೆ ಮೊದಲು ಮೂಡಿದ ಕಲ್ಪನೆಗಳನ್ನೇ.

ಇಷ್ಟು ಸಾಧಿಸಿದ ಗಣಿತಜ್ಞನೊಬ್ಬ ಆ ಕೀರ್ತಿಯ ನೆರಳಿನಲ್ಲಿ ಸುಖವಾಗಿ ಇರಬಹುದಾಗಿತ್ತು. ದಾಲ್ 1968ರಲ್ಲಿ ಓಸ್ಲೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿ ತಮಗೆ ಪ್ರಿಯವಾದ ಶಾಸ್ತ್ರದಲ್ಲಿ ಮುಳುಗಿದರು. ನ್ಯೂಗಾರ್ಡರಿಗೆ ಮಾತ್ರ ಬೇರೊಂದು ಚಿಂತೆ ಹತ್ತಿತು. ಸಿಮುಲಾದ ನೆರವಿನಿಂದ ಕಾರ್ಖಾನೆಗಳ ಕೆಲಸವನ್ನು ಯೋಜಿಸುವುದು ಸಾಧ್ಯವಾಗಿತ್ತು. ಯಾವ ಯಂತ್ರ ಎಲ್ಲಿರಬೇಕು, ಯಾವ ಕೆಲಸಕ್ಕೆ ಎಷ್ಟು ಸಮಯ ಸಲ್ಲಬೇಕು, ಎಷ್ಟು ಜನ ಸಾಕು ಎಂಬುದನ್ನೆಲ್ಲ ಗಣಕಯಂತ್ರದಲ್ಲಿ ನಡೆಸಿ ನೋಡಿ ನಿರ್ಧರಿಸಬಹುದಾಗಿತ್ತು. ಹಾಗೆ ನಡೆಸಿ ನೋಡುವವರು ಆಡಳಿತಗಾರರು. ಅದರೊಳಗೆ ಬಿಂಬಿತರಾಗುವವರು ಕಾರ್ಮಿಕರು. ಮತ್ತೆ ಆ ಬಸ್ ನಿಲ್ದಾಣವನ್ನೇ ನೆನೆದರೆ ಇದು ಸ್ಪಷ್ಟವಾಗುತ್ತದೆ. ಅನುಕರಣದೊಳಗಿನ ನಿರ್ವಾಹಕನೆಂದರೆ ಒಂದು ಚೀಟಿ ಕೊಡಲು ತಗಲುವ ಇಷ್ಟು ಸೆಕೆಂಡುಗಳು ಮಾತ್ರ. ಅವನ ದಣಿವು, ಅವನ ಅನುಭವ, ಜಾತ್ರೆಯ ಜನರನ್ನು ಸಂಭಾಳಿಸುವ ಅವನ ಜಾಣ್ಮೆ ಅಲ್ಲಿ ಬರೆದವನು ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಣ್ಣಿಸುವ ಅಧಿಕಾರ ಒಬ್ಬರ ಕೈಯಲ್ಲೇ ಉಳಿದರೆ, ಬಣ್ಣನೆಗೆ ಒಳಗಾದವರ ಬಾಳು ಅವರಿಗೆ ಅರಿವಿಲ್ಲದೆಯೇ ಬದಲಾಗುತ್ತದೆ. ತಾವು ರಚಿಸಿದ ಭಾಷೆಯೇ ಇದಕ್ಕೆ ಸಾಧನವಾಗುತ್ತಿರುವುದನ್ನು ಅವರು ಕಂಡರು.

ಅವರು ಪಶ್ಚಾತ್ತಾಪದ ಲೇಖನಗಳನ್ನು ಬರೆಯುತ್ತಾ ಕುಳಿತುಕೊಳ್ಳಲಿಲ್ಲ; ನೇರವಾಗಿ ಕಾರ್ಮಿಕ ಸಂಘದ ಕಚೇರಿಗೆ ಹೋದರು. ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಂದಿಗೆ 1971ರಲ್ಲಿ ಅವರ ಸಂಶೋಧನೆ ಆರಂಭವಾಯಿತು. ಓಲಾವ್ ತೆರ್ಯೆ ಬೆರ್ಗೊ ಅವರು ಈ ಕೆಲಸದಲ್ಲಿ ಜೊತೆಗಾರರಾದರು. ಮೊದಲ ಯೋಜನೆಯಂತೆ ವಿದ್ವಾಂಸರು ಪರಿಶೀಲನೆ ನಡೆಸಿ ಸಂಘಕ್ಕೆ ವರದಿ ಕೊಡಬೇಕಾಗಿತ್ತು. ಸ್ವಲ್ಪ ಕಾಲದಲ್ಲೇ ಇದರ ನಿಷ್ಫಲತೆ ಅವರಿಗೆ ಅರಿವಾಯಿತು. ವರದಿ ಕಪಾಟು ಸೇರುತ್ತದೆ. ಕಾರ್ಮಿಕ ಮೊದಲಿನಂತೆಯೇ ಇರುತ್ತಾನೆ. ಆದ್ದರಿಂದ ಅವರು ಯೋಜನೆಯನ್ನು ತಲೆಕೆಳಗು ಮಾಡಿದರು. ಕಾರ್ಖಾನೆಗಳಲ್ಲಿನ ಸ್ಥಳೀಯ ಸಂಘಗಳ ಸದಸ್ಯರು ತಾವೇ ಅಧ್ಯಯನ ಮಂಡಳಿಗಳನ್ನು ರಚಿಸಿಕೊಂಡು, ತಮ್ಮ ಕಾರ್ಖಾನೆಗೆ ಬರುವ ಗಣಕ ವ್ಯವಸ್ಥೆಯನ್ನು ಪರಿಶೀಲಿಸಬೇಕು. ತಮ್ಮ ಬೇಡಿಕೆಗಳನ್ನು ತಾವೇ ರೂಪಿಸಬೇಕು. ಅವರು ಕೈಗೊಳ್ಳುವ ಕ್ರಮವೇ ಸಂಶೋಧನೆಯ ಫಲವೆನಿಸಬೇಕು, ಪಂಡಿತರ ಗ್ರಂಥವಲ್ಲ. ಇದಕ್ಕಾಗಿ ಕಾರ್ಮಿಕರಿಗೆ ಅರ್ಥವಾಗುವ ಪಠ್ಯಪುಸ್ತಕಗಳನ್ನು ಬರೆಯಲಾಯಿತು. ಲೇತ್ ಯಂತ್ರದ ಮುಂದೆ ನಿಲ್ಲುವವನು ಗಣಕಯಂತ್ರದ ಬಗೆಗೆ ಅಭಿಪ್ರಾಯ ಹೇಳಬಲ್ಲನೆಂಬುದು ಆ ಕಾಲಕ್ಕೆ ಅನೇಕ ವಿದ್ಯಾವಂತರಿಗೆ ನಗೆಪಾಟಲಾಗಿ ಕಂಡಿರಬಹುದು.

ಸಂಶೋಧನೆ 1973ರಲ್ಲಿ ಮುಗಿಯಿತು. ಅದರ ಫಲ ಬೇಗನೆ ಕಾಣಿಸಿತು. 1975ರಲ್ಲಿ ನಾರ್ವೆಯ ಕಾರ್ಮಿಕ ಸಂಘಗಳ ಒಕ್ಕೂಟಕ್ಕೂ ಮಾಲೀಕರ ಒಕ್ಕೂಟಕ್ಕೂ ನಡುವೆ ಗಣಕ ವ್ಯವಸ್ಥೆಗಳನ್ನು ಕುರಿತ ರಾಷ್ಟ್ರೀಯ ಒಪ್ಪಂದವಾಯಿತು. ಹೊಸ ವ್ಯವಸ್ಥೆಯನ್ನು ತರುವ ಮುನ್ನ ಮಾಲೀಕರು ಅದರ ವಿವರಗಳನ್ನು ಕಾರ್ಮಿಕರಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸಬೇಕು. ಅದನ್ನು ಪರಿಶೀಲಿಸಲು ಕಾರ್ಮಿಕರು ತಮ್ಮದೇ ಪ್ರತಿನಿಧಿಯನ್ನು ಆರಿಸಿಕೊಳ್ಳಬಹುದು. 1977ರಲ್ಲಿ ಅಂಗೀಕೃತವಾದ ಕಾರ್ಮಿಕ ಪರಿಸರ ಕಾಯಿದೆಯಲ್ಲಿಯೂ ಈ ಹಕ್ಕಿಗೆ ಸ್ಥಾನ ದೊರೆಯಿತು. ಯಂತ್ರವನ್ನು ಬಳಸುವವರೇ ಅದರ ವಿನ್ಯಾಸದಲ್ಲಿ ಭಾಗಿಗಳಾಗಬೇಕೆಂಬ ಈ ಮಾರ್ಗ ಮುಂದೆ ಸ್ವೀಡನ್, ಡೆನ್ಮಾರ್ಕ್‌ಗಳಿಗೂ ಹಬ್ಬಿ, ಸ್ಕ್ಯಾಂಡಿನೇವಿಯಾದ ಪಂಥವೆಂದು ಜಗತ್ತಿನಲ್ಲಿ ಪ್ರಸಿದ್ಧವಾಯಿತು.

ಭಾಷೆಗಳ ಕೆಲಸವನ್ನು ಅವರು ಬಿಟ್ಟಿರಲಿಲ್ಲ. ವ್ಯವಸ್ಥೆಗಳನ್ನು ಬಣ್ಣಿಸಲೆಂದೇ ಡೆಲ್ಟಾ ಎಂಬ ಭಾಷೆ ರಚಿತವಾಯಿತು; 1976ರಿಂದ ಡೇನಿಷ್ ಮತ್ತು ನಾರ್ವೇಜಿಯನ್ ಸಂಗಡಿಗರೊಂದಿಗೆ ಬೀಟಾ ಎಂಬ ಭಾಷೆಯ ಕೆಲಸ ಆರಂಭವಾಯಿತು. 1977ರಿಂದ ಓಸ್ಲೋ ವಿಶ್ವವಿದ್ಯಾನಿಲಯದಲ್ಲಿ ಭಾಗಶಃ, 1984ರಿಂದ 1996ರವರೆಗೆ ಪೂರ್ಣಾವಧಿಯ ಪ್ರಾಧ್ಯಾಪಕರಾಗಿ ಪಾಠ ಹೇಳಿದರು.

ಸಾರ್ವಜನಿಕ ಜೀವನದಲ್ಲೂ ಅವರು ಹಿಂದೆ ನಿಂತವರಲ್ಲ. 1960ರ ದಶಕದಲ್ಲಿ ಉದಾರವಾದಿ ಪಕ್ಷದ ರಾಷ್ಟ್ರೀಯ ಕಾರ್ಯಸಮಿತಿಯಲ್ಲಿದ್ದರು. ಪ್ರಕೃತಿ ಸಂರಕ್ಷಣೆಗಾಗಿ ದುಡಿದರು. ಸಮಾಜ ದೂರವಿಟ್ಟಿದ್ದ ಮದ್ಯವ್ಯಸನಿಗಳಿಗೆ ವಸತಿಯನ್ನೂ ಆತ್ಮೀಯ ವಾತಾವರಣವನ್ನೂ ಒದಗಿಸುವ ಗೃಹವೊಂದನ್ನು ನಡೆಸಲು ಪತ್ನಿ ಯೋಹಾನಾ ಅವರೊಡನೆ ನೆರವಾದರು. ನಾರ್ವೆ ಯೂರೋಪಿನ ರಾಷ್ಟ್ರಗಳ ಆರ್ಥಿಕ ಒಕ್ಕೂಟವನ್ನು ಸೇರಬೇಕೇ ಬೇಡವೇ ಎಂಬ ಪ್ರಶ್ನೆ 1972ರಲ್ಲಿ ಜನಮತಕ್ಕೆ ಬಂದಾಗ, ಬೇಡವೆನ್ನುವ ಯುವಜನ ಸಂಘಟನೆಗಳ ಕಾರ್ಯವನ್ನು ಸಂಯೋಜಿಸಿದರು. ಆಗ ಶೇಕಡಾ 53.5ರಷ್ಟು ಮತಗಳು ಬೇಡವೆಂದವು. ಅದೇ ಪ್ರಶ್ನೆ ಮತ್ತೆ ಎದ್ದಾಗ 1990ರಿಂದ 1995ರವರೆಗೆ ವಿರೋಧಿ ಸಂಘಟನೆಯ ನಾಯಕರೇ ಅವರಾದರು. ಒಂದು ಲಕ್ಷಕ್ಕೂ ಹೆಚ್ಚು ಸದಸ್ಯರನ್ನು ಕೂಡಿಸಿದ ಆ ಸಂಘಟನೆಯನ್ನು ಅರುವತ್ತು ದಾಟಿದ ಪ್ರಾ‍ಧ್ಯಾಪಕರು ಮುನ್ನಡೆಸಿದರು. ನಾರ್ವೆಯ ಪ್ರಧಾನಿ, ಪ್ರಮುಖ ಪತ್ರಿಕೆಗಳು, ಉದ್ಯಮಪತಿಗಳು ಎದುರಿನ ಪಕ್ಷದಲ್ಲಿದ್ದರು. 1994ರ ನವೆಂಬರ್ 28ರಂದು ಶೇಕಡಾ 52.2 ಮತಗಳು ಬೇಡವೆಂದೇ ಬಂದವು. ಈ ನಿರ್ಣಯ ಸರಿಯೋ ತಪ್ಪೋ ಎಂಬ ಬಗೆಗೆ ನಾರ್ವೆಯಲ್ಲಿ ಆಮೇಲೂ ವಾದಗಳು ನಡೆದಿವೆ. ದೂರದ ರಾಜಧಾನಿಯಲ್ಲಿ ರಚಿತವಾದ ವ್ಯವಸ್ಥೆಗೆ ಹಳ್ಳಿಯ ಮೀನುಗಾರ ಒಳಪಡುವ ಮುನ್ನ ಅವನ ಮಾತು ಕೇಳಬೇಕೆಂಬ ಅವರ ನಿಲುವು, ಕಾರ್ಖಾನೆಯ ಕಾರ್ಮಿಕನ ವಿಷಯದಲ್ಲಿ ಅವರು ತಳೆದ ನಿಲುವೇ ಆಗಿತ್ತು.

ಗೌರವಗಳು ತಡವಾಗಿ, ಆದರೆ ಸಾಲುಸಾಲಾಗಿ ಬಂದವು. 2000ದಲ್ಲಿ ನಾರ್ವೆಯ ಅರಸರು ನ್ಯೂಗಾರ್ಡ್ ಮತ್ತು ದಾಲ್ ಇಬ್ಬರಿಗೂ ಸಂತ ಓಲಾವ್ ಹೆಸರಿನ ಪದವಿಯನ್ನಿತ್ತರು. ಗಣಕ ವಿಜ್ಞಾನದ ಅತ್ಯುನ್ನತ ಗೌರವವೆನಿಸಿದ 2001ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಇಬ್ಬರಿಗೂ ಜಂಟಿಯಾಗಿ ಬಂತು. ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಯಾರಿಗೂ ಪ್ರಯೋಜನವಿಲ್ಲವೆನಿಸಿಕೊಂಡಿದ್ದ ಕೆಲಸಕ್ಕೆ ಸಂದ ಪ್ರಶಸ್ತಿ ಅದು. ಎಪ್ಪತ್ತೈದರ ವಯಸ್ಸಿನಲ್ಲೂ ನ್ಯೂಗಾರ್ಡ್ ವಿಶ್ರಾಂತಿ ಬಯಸಿರಲಿಲ್ಲ. ವಸ್ತು ಆಧಾರಿತ ಕ್ರಮವಿಧಿಯನ್ನು ಹೊಸದಾಗಿ ಕಲಿಯುವವರಿಗೆ ಕಲಿಸುವ ಉತ್ತಮ ಮಾರ್ಗ ಯಾವುದೆಂಬ ಸಂಶೋಧನೆಯಲ್ಲಿ ತೊಡಗಿದ್ದರು. ಪ್ರಶಸ್ತಿ ಪಡೆದವರು ವಿದ್ವಾಂಸರ ಮುಂದೆ ಉಪನ್ಯಾಸ ಮಾಡುವುದು ವಾಡಿಕೆ. ಆ ಉಪನ್ಯಾಸ ನಡೆಯಲಿಲ್ಲ. 2002ರ ಜೂನ್ 29ರಂದು ದಾಲ್ ತೀರಿಕೊಂಡರು. ಆರು ವಾರಗಳ ತರುವಾಯ, ಆಗಸ್ಟ್ 10ರಂದು, ಹೃದಯಾಘಾತದಿಂದ ನ್ಯೂಗಾರ್ಡ್ ಓಸ್ಲೋದಲ್ಲಿ ನಿಧನರಾದರು.

ಯೂರೋಪಿನ ವಿದ್ವಾಂಸರು 2004ರಲ್ಲಿ ಅವರಿಬ್ಬರ ಹೆಸರುಗಳನ್ನೂ ಸೇರಿಸಿ ಒಂದು ವಾರ್ಷಿಕ ಪ್ರಶಸ್ತಿಯನ್ನು ಸ್ಥಾಪಿಸಿದರು. ಓಸ್ಲೋ ವಿಶ್ವವಿದ್ಯಾನಿಲಯದ ಗಣಕ ವಿಜ್ಞಾನ ವಿಭಾಗಕ್ಕೆ 2011ರಲ್ಲಿ ಹೊಸ ಕಟ್ಟಡ ಸಿದ್ಧವಾದಾಗ ಅದಕ್ಕೆ ಓಲೆ-ಯೋಹಾನ್ ದಾಲ್ ಅವರ ಹೆಸರನ್ನಿಟ್ಟರು. ವಿಭಾಗದ ಹಳೆಯ ಕಟ್ಟಡ ಕ್ರಿಸ್ಟೆನ್ ನ್ಯೂಗಾರ್ಡ್ ಅವರ ಹೆಸರನ್ನು ಹೊತ್ತಿದೆ. ಎರಡೂ ಒಂದೇ ರಸ್ತೆಯಲ್ಲಿ ಅಕ್ಕಪಕ್ಕದಲ್ಲಿ ನಿಂತಿವೆ.